ಜನರ ಒಡನಾಟ ಕಡಿಮೆಯಾದರೆ ಮಿದುಳಿಗೆ ಏನಾಗುತ್ತದೆ?

ವಯಸ್ಸಾದವರು ಒಂಟಿಯಾಗಿದ್ದರೆ ಮರೆವಿನ ಕಾಯಿಲೆ ಬರುತ್ತದೆ ಅನ್ನುವ ಮಾತು ಈಚೆಗೆ ಜಾಸ್ತಿ ಓಡಾಡುತ್ತಿದೆ. ಅದಕ್ಕೆ ಕಾರಣವೂ ಇದೆ. ಡಿಮೆನ್ಷಿಯಾದ, ಅಂದರೆ ಈ ಮರೆವಿನ ಕಾಯಿಲೆಯ, ಅಪಾಯ ಹೆಚ್ಚಿಸುವ, ಆದರೆ ನಾವು ಬದಲಾಯಿಸಬಹುದಾದ 14 ಅಂಶಗಳ ಪಟ್ಟಿಯನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಕೊಟ್ಟಿತು. ಬಿಪಿ, ಶುಗರ್, ಸಿಗರೇಟಿನ ಜೊತೆ ಜನರ ಒಡನಾಟ ಇಲ್ಲದಿರುವುದೂ ಆ ಪಟ್ಟಿಯಲ್ಲಿತ್ತು. ಮರುವರ್ಷ, 2025ರಲ್ಲಿ, ಜಗತ್ತಿನ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ ವರದಿ ಮಾಡಿತು.

ಇದನ್ನು ಓದಿದ ಮಗನಿಗೋ ಮಗಳಿಗೋ ಎದೆ ಧಸಕ್ ಅನ್ನುವುದು ಸಹಜ. ಅಮ್ಮ ಒಬ್ಬರೇ ಇದ್ದಾರೆ. ಮೊನ್ನೆ ಹೇಳಿದ್ದನ್ನೇ ನಿನ್ನೆಯೂ ಹೇಳಿದರು. ಶುರುವಾಯ್ತಾ?

ಹಾಗೆ ಗಾಬರಿಯಾಗುವ ಮೊದಲು ಈ ಗಂಟನ್ನು ಸ್ವಲ್ಪ ಬಿಡಿಸಿ ನೋಡೋಣ. ಇದರೊಳಗೆ ಮೂರ್ನಾಲ್ಕು ಬೇರೆ ಬೇರೆ ಸಂಗತಿಗಳು ಸಿಕ್ಕಿಹಾಕಿಕೊಂಡಿವೆ.

ಒಬ್ಬರೇ ಇರುವುದು ಬೇರೆ, ಒಂಟಿ ಅನಿಸುವುದು ಬೇರೆ

ಸಂಶೋಧಕರು ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಅಳೆಯುತ್ತಾರೆ. ಒಂದು, ಒಡನಾಟದ ಕೊರತೆ. ಇದನ್ನು ಎಣಿಸಬಹುದು. ತಿಂಗಳಿಗೆ ಎಷ್ಟು ಜನರನ್ನು ನೋಡುತ್ತೀರಿ? ಮನಸ್ಸಿನ ಮಾತು ಹೇಳಿಕೊಳ್ಳುವಷ್ಟು ಹತ್ತಿರದವರು ಎಷ್ಟು ಮಂದಿ? ಕಷ್ಟಕ್ಕೆ ಕರೆದರೆ ಬರುವವರು ಎಷ್ಟು ಮಂದಿ? ಲುಬೆನ್ ಮಾಪಕ ಎಂಬ ಪ್ರಶ್ನಾವಳಿ ಕೇಳುವುದು ಇಂಥದ್ದನ್ನೇ. ಅದರ ಚಿಕ್ಕ ರೂಪದಲ್ಲಿ ಆರೇ ಪ್ರಶ್ನೆ, ಒಟ್ಟು 30 ಅಂಕ. 12ಕ್ಕಿಂತ ಕಡಿಮೆ ಬಂದರೆ ಆ ವ್ಯಕ್ತಿಯ ಒಡನಾಟ ತೀರಾ ಕಡಿಮೆಯಾಗಿದೆ ಎಂದು ಎಚ್ಚರ ವಹಿಸುತ್ತಾರೆ.

ಇನ್ನೊಂದು ಒಂಟಿತನ. ಇದು ಒಳಗಿನ ಅನಿಸಿಕೆ. ಬೇಕು ಅನಿಸುವ ಒಡನಾಟಕ್ಕೂ ಸಿಗುತ್ತಿರುವ ಒಡನಾಟಕ್ಕೂ ನಡುವಿನ ಅಂತರ. ತುಂಬಿದ ಮನೆಯಲ್ಲಿ ಕೂತ ಅಜ್ಜನಿಗೆ ಇಡೀ ದಿನ ಯಾರೂ ಒಂದು ಮಾತು ಆಡಿಸದೇ ಹೋಗಬಹುದು. ಒಬ್ಬರೇ ಇರುವ ಅಜ್ಜಿ ಬೆಳಗ್ಗೆ ಅಕ್ಕಪಕ್ಕದವರ ಜೊತೆ ವಾಕಿಂಗ್ ಹೋಗಿ, ಸಂಜೆ ಗೆಳತಿಯರ ಜೊತೆ ಹರಟಿ, ರಾತ್ರಿ ನೆಮ್ಮದಿಯಾಗಿ ಮಲಗಬಹುದು. ಹಾಗಾಗಿ ‘ಒಬ್ಬರೇ ಇದ್ದಾರೆ’ ಅನ್ನುವುದೊಂದರಿಂದಲೇ ಏನೂ ಗೊತ್ತಾಗುವುದಿಲ್ಲ.

ಸುದ್ದಿ ಬರೆಯುವವರು ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತಾರೆ. ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ.

ಎಲ್ಲ ಮರೆವೂ ಕಾಯಿಲೆಯಲ್ಲ

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು, ಪರಿಚಿತರ ಹೆಸರು ನಾಲಿಗೆ ತುದಿಯಲ್ಲೇ ನಿಂತು ಅರ್ಧ ಗಂಟೆಯ ನಂತರ ಹೊಳೆಯುವುದು, ಹೊಸ ಫೋನ್ ಕಲಿಯಲು ನಿಧಾನವಾಗುವುದು. ಇವೆಲ್ಲ ವಯಸ್ಸಿನ ಜೊತೆ ಬರುವಂಥವು. ಮಿದುಳಿನ ವೇಗ ತಗ್ಗುತ್ತದೆ, ಕೆಲಸ ನಡೆಯುತ್ತಿರುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಸ್ಥಿತಿಗೆ ಡಾಕ್ಟರುಗಳು ಎಂಸಿಐ ಅನ್ನುತ್ತಾರೆ. ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಅನ್ನುವುದರ ಚಿಕ್ಕ ರೂಪ. ನೆನಪು, ಗಮನ, ಯೋಚನೆ, ಮಾತು ಇವುಗಳಲ್ಲಿ ಒಂದೋ ಎರಡೋ ಆ ವಯಸ್ಸಿಗೆ ಇರಬೇಕಾದ್ದಕ್ಕಿಂತ ಕುಗ್ಗಿರುತ್ತವೆ. ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಮನೆಯವರಿಗೂ ಏನೋ ಬದಲಾಗಿದೆ ಅನಿಸುತ್ತದೆ. ಆದರೆ ಅವರು ತಮ್ಮ ಕೆಲಸ ತಾವೇ ಮಾಡಿಕೊಂಡು ಹೋಗುತ್ತಿರುತ್ತಾರೆ. ಎಂಸಿಐ ಇರುವ ಎಲ್ಲರಿಗೂ ಡಿಮೆನ್ಷಿಯಾ ಬರುವುದಿಲ್ಲ. ಕೆಲವರು ವರ್ಷಗಟ್ಟಲೆ ಹಾಗೇ ಇರುತ್ತಾರೆ, ಕೆಲವರು ಮೊದಲಿನ ಸ್ಥಿತಿಗೆ ಮರಳುವುದೂ ಉಂಟು.

ಡಿಮೆನ್ಷಿಯಾ ಅಂದರೆ ಈ ಕುಸಿತ ದಿನನಿತ್ಯದ ಬದುಕನ್ನೇ ತಡೆಯುವಷ್ಟು ಹೆಚ್ಚಾಗಿರುವುದು. ಬಿಲ್ ಕಟ್ಟಲಾಗದು, ಗೊತ್ತಿರುವ ದಾರಿಯೇ ತಪ್ಪುತ್ತದೆ, ದಿನಾ ಮಾಡುತ್ತಿದ್ದ ಅಡುಗೆಯ ಕ್ರಮವೇ ಹೊಳೆಯುವುದಿಲ್ಲ. ಜಗತ್ತಿನಲ್ಲಿ 5.5 ಕೋಟಿಗೂ ಹೆಚ್ಚು ಜನರಿಗೆ ಡಿಮೆನ್ಷಿಯಾ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ 60ರಿಂದ 70 ಶೇಕಡಾ ಪ್ರಕರಣಗಳಿಗೆ ಅಲ್ಝೈಮರ್ ಎಂಬ ಮಿದುಳಿನ ಕಾಯಿಲೆ ಕಾರಣ.

26 ಶೇಕಡಾ ಅಂದರೆ ಎಷ್ಟು?

ಈ ವಿಷಯದಲ್ಲಿ ಹೆಚ್ಚು ಚರ್ಚೆಯಾದ ಅಧ್ಯಯನಗಳಲ್ಲಿ ಒಂದು 2022ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ದೊಡ್ಡ ಆರೋಗ್ಯ ದಾಖಲೆಯಲ್ಲಿದ್ದ 4.6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಅದಕ್ಕೆ ಬಳಸಿಕೊಂಡಿದ್ದರು. ಶುರುವಿನಲ್ಲಿ ಅವರ ಸರಾಸರಿ ವಯಸ್ಸು 57. ಮೂರು ಪ್ರಶ್ನೆ ಕೇಳಿದ್ದರು. ಯಾರ ಜೊತೆಗಾದರೂ ವಾಸವಿದ್ದೀರಾ? ತಿಂಗಳಿಗೊಮ್ಮೆಯಾದರೂ ನೆಂಟರನ್ನೋ ಸ್ನೇಹಿತರನ್ನೋ ಭೇಟಿ ಮಾಡುತ್ತೀರಾ? ವಾರಕ್ಕೊಮ್ಮೆಯಾದರೂ ನಾಲ್ಕು ಜನ ಸೇರುವ ಕಡೆ ಹೋಗುತ್ತೀರಾ? ಎರಡಕ್ಕಾದರೂ ‘ಇಲ್ಲ’ ಅಂದವರನ್ನು ಒಡನಾಟ ಕಡಿಮೆ ಇರುವವರು ಎಂದು ಗುರುತಿಸಿದರು. ನಂತರ ಹೆಚ್ಚುಕಡಿಮೆ 12 ವರ್ಷ ಅವರ ಆರೋಗ್ಯವನ್ನು ಗಮನಿಸಿದರು. ಒಡನಾಟ ಕಡಿಮೆ ಇದ್ದವರಲ್ಲಿ ಡಿಮೆನ್ಷಿಯಾ ಅಪಾಯ 26 ಶೇಕಡಾ ಹೆಚ್ಚಿತ್ತು.

26 ಅಂದ ತಕ್ಷಣ ನೂರರಲ್ಲಿ 26 ಜನಕ್ಕೆ ಕಾಯಿಲೆ ಬಂತು ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಅಷ್ಟು ವರ್ಷಗಳಲ್ಲಿ ಒಡನಾಟ ಕಡಿಮೆ ಇದ್ದವರ ಪೈಕಿ 1.55 ಶೇಕಡಾ ಜನರಿಗೆ ಡಿಮೆನ್ಷಿಯಾ ಬಂತು. ಉಳಿದವರ ಪೈಕಿ 1.03 ಶೇಕಡಾ. ವಯಸ್ಸು, ಆರ್ಥಿಕ ಸ್ಥಿತಿ, ಖಿನ್ನತೆ, ಕುಡಿತ, ಸಿಗರೇಟು ಇವೆಲ್ಲದರ ಪ್ರಭಾವವನ್ನು ಲೆಕ್ಕದಿಂದ ಕಳೆದ ಮೇಲೂ ಉಳಿದ ವ್ಯತ್ಯಾಸವೇ ಆ 26. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಚಿಕ್ಕದು. ಕೋಟಿಗಟ್ಟಲೆ ಜನರಿಗೆ ಅನ್ವಯಿಸಿದರೆ ದೊಡ್ಡದು.

ಲ್ಯಾನ್ಸೆಟ್ ಆಯೋಗ ಹೇಳುವ ‘5 ಶೇಕಡಾ’ ಇದಕ್ಕಿಂತ ಬೇರೆ ಲೆಕ್ಕ. ಜಗತ್ತಿನಲ್ಲಿ ಯಾರಿಗೂ ಒಡನಾಟದ ಕೊರತೆಯೇ ಇಲ್ಲ ಅಂತಾದರೆ, ಒಟ್ಟು ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು 5 ಶೇಕಡಾ ತಪ್ಪಬಹುದು ಅಥವಾ ಮುಂದಕ್ಕೆ ಹೋಗಬಹುದು ಎಂದರ್ಥ. 14 ಅಂಶಗಳನ್ನೂ ಸೇರಿಸಿದರೆ ಇದು ಸುಮಾರು 45 ಶೇಕಡಾ ಆಗುತ್ತದೆ. ಉಳಿದದ್ದರಲ್ಲಿ ವಯಸ್ಸು ಮತ್ತು ವಂಶವಾಹಿಗಳ ಪಾಲು ದೊಡ್ಡದು. ಅಂದರೆ ಸದಾ ಜನರ ನಡುವೆ ಇದ್ದವರಿಗೂ ಡಿಮೆನ್ಷಿಯಾ ಬರುತ್ತದೆ. ಬಂದಾಗ ‘ನಾವು ಸರಿಯಾಗಿ ಮಾತಾಡಿಸಲಿಲ್ಲ’ ಎಂದು ಮನೆಯವರು ಕೊರಗುವುದರಲ್ಲಿ ಅರ್ಥವಿಲ್ಲ.

ಇನ್ನು ಒಂಟಿತನದ ಅನಿಸಿಕೆ? ಅದೇ ಬಯೋಬ್ಯಾಂಕ್ ಅಧ್ಯಯನದಲ್ಲಿ ಖಿನ್ನತೆಯನ್ನು ಲೆಕ್ಕದಿಂದ ತೆಗೆದಾಗ ಒಂಟಿತನಕ್ಕೂ ಡಿಮೆನ್ಷಿಯಾಗೂ ಇದ್ದ ನಂಟು ಬಹುಪಾಲು ಕರಗಿಹೋಯಿತು. ಆದರೆ 2024ರಲ್ಲಿ ಹಲವು ಅಧ್ಯಯನಗಳ 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದಾಗ ಒಂಟಿತನ ಅನುಭವಿಸುವವರಲ್ಲಿ ಅಪಾಯ 31 ಶೇಕಡಾ ಹೆಚ್ಚು ಕಂಡಿತು. ಒಂಟಿತನ ಮತ್ತು ಖಿನ್ನತೆ ಎಷ್ಟು ಹೆಣೆದುಕೊಂಡಿವೆ ಅಂದರೆ ಒಂದನ್ನು ಇನ್ನೊಂದರಿಂದ ಬಿಡಿಸುವುದೇ ಕಷ್ಟ.

ಸುಮ್ನೆ ಹರಟೆ ಅಂದುಕೊಂಡದ್ದು

ಮಿದುಳಿಗೆ ಒಡನಾಟ ಯಾಕೆ ಬೇಕು? ಒಂದು ಮಾಮೂಲಿ ಮಾತುಕತೆಯನ್ನು ಹತ್ತಿರದಿಂದ ನೋಡಿ. ಹಳೆಯ ಗೆಳೆಯ ಸಿಗುತ್ತಾನೆ. ‘ನಮ್ಮ ಜೊತೆ ಓದಿದ್ದ ಆ ಎತ್ತರದವನು, ಅವನ ಮಗಳ ಮದುವೆ ಅಂತೆ’ ಅನ್ನುತ್ತಾನೆ. ಈಗ ನೀವು ಆ ಎತ್ತರದವನು ಯಾರೆಂದು ಹಳೆಯ ನೆನಪನ್ನು ಕೆದಕಬೇಕು. ಮುಖ ನೆನಪಾಗಬೇಕು, ಹೆಸರು ಹೊಳೆಯಬೇಕು. ಅಷ್ಟರಲ್ಲಿ ಇವನು ಮುಂದಿನ ವಾಕ್ಯಕ್ಕೆ ಹೋಗಿರುತ್ತಾನೆ, ಅದನ್ನೂ ಹಿಡಿದಿಟ್ಟುಕೊಳ್ಳಬೇಕು. ಅವನ ಮುಖ ನೋಡಿ, ಖುಷಿಯಲ್ಲಿ ಹೇಳುತ್ತಿದ್ದಾನೋ ಕರೆದಿಲ್ಲ ಅಂತ ಬೇಜಾರಿನಲ್ಲೋ ಅಂತ ಅಳೆಯಬೇಕು. ನಿಮ್ಮ ಉತ್ತರ ಸಿದ್ಧಪಡಿಸಬೇಕು, ಹೇಳಬಾರದ್ದನ್ನು ನುಂಗಿಕೊಳ್ಳಬೇಕು, ಅವನು ನಿಲ್ಲಿಸಿದ ಕ್ಷಣಕ್ಕೆ ಸರಿಯಾಗಿ ಬಾಯಿ ತೆರೆಯಬೇಕು. ನೆನಪು, ಗಮನ, ಭಾಷೆ, ಭಾವನೆ, ತೀರ್ಮಾನ ಎಲ್ಲ ಒಟ್ಟಿಗೆ, ಅದೂ ಕೆಲವೇ ಸೆಕೆಂಡುಗಳಲ್ಲಿ. ಟಿವಿ ಮುಂದೆ ಕೂತಾಗ ಇದರಲ್ಲಿ ಹೆಚ್ಚಿನದೇನೂ ಬೇಕಾಗುವುದಿಲ್ಲ. ಟಿವಿ ನಮ್ಮ ಉತ್ತರಕ್ಕೆ ಕಾಯುವುದಿಲ್ಲ, ಅಲ್ವಾ?

ಹೀಗೆ ಬದುಕಿನುದ್ದಕ್ಕೂ ಕೆಲಸ ಮಾಡಿದ ಮಿದುಳು ಒಂದು ಬಗೆಯ ಉಳಿಕೆಯನ್ನು ಕಟ್ಟಿಕೊಳ್ಳುತ್ತದೆ ಅನ್ನುವುದು ವಿಜ್ಞಾನಿಗಳ ವಾದ. ಊರಿಗೆ ಹೋಗಲು ಒಂದೇ ರಸ್ತೆ ಇದ್ದರೆ, ಅದು ಕಿತ್ತುಹೋದ ದಿನವೇ ಓಡಾಟ ನಿಲ್ಲುತ್ತದೆ. ನಾಲ್ಕು ಅಡ್ಡದಾರಿ ಗೊತ್ತಿದ್ದವರು ಹೇಗೋ ತಲುಪುತ್ತಾರೆ. ಮಿದುಳಿನ ಉಳಿಕೆಯೂ ಹೀಗೇ. ಹಾನಿ ಆಗಿರುತ್ತದೆ, ಆದರೂ ಕೆಲಸ ಸಾಗಿಸಲು ಬೇರೆ ದಾರಿಗಳಿರುತ್ತವೆ.

ಇದು ಬರೀ ಊಹೆಯಲ್ಲ. ಅಮೆರಿಕದ ಶಿಕಾಗೋದಲ್ಲಿ ರಷ್ ವಿಶ್ವವಿದ್ಯಾಲಯದವರು ಹಿರಿಯರನ್ನು ವರ್ಷ ವರ್ಷ ಪರೀಕ್ಷಿಸಿ, ಅವರು ತೀರಿಕೊಂಡ ಮೇಲೆ, ಅವರೇ ಮೊದಲು ಒಪ್ಪಿದ್ದಂತೆ, ಮಿದುಳನ್ನು ಪರಿಶೀಲಿಸುತ್ತಾರೆ. 2006ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕುತೂಹಲದ್ದು. ಮಿದುಳಿನಲ್ಲಿ ಅಲ್ಝೈಮರ್ ಹಾನಿ ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಒಡನಾಟದ ಬಳಗ ದೊಡ್ಡದಿದ್ದವರು ಬದುಕಿದ್ದಾಗ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದಿದ್ದರು. ಅಂದರೆ ಸ್ನೇಹಿತರು ಕಾಯಿಲೆಯನ್ನು ತಡೆದಿರಲಿಲ್ಲ. ಕಾಯಿಲೆಯ ಪೆಟ್ಟು ತಾಳಿಕೊಳ್ಳಲು ನೆರವಾಗಿದ್ದರು.

ಉಲ್ಟಾ ದಿಕ್ಕಿನ ಸಾಕ್ಷ್ಯ ಸಿಕ್ಕಿದ್ದು ಅಂಟಾರ್ಕ್ಟಿಕಾದಲ್ಲಿ. ಜರ್ಮನಿಯ ನೊಯ್‌ಮಾಯರ್ ಸಂಶೋಧನಾ ಠಾಣೆಯಲ್ಲಿ ಒಂಬತ್ತು ಮಂದಿ 14 ತಿಂಗಳು ಉಳಿದಿದ್ದರು. ಹೊರಗೆ ಹಿಮ, ತಿಂಗಳುಗಟ್ಟಲೆ ಕತ್ತಲು, ದಿನಾ ಅದೇ ಮುಖಗಳು. ವಾಪಸ್ ಬಂದ ಮೇಲೆ ಸ್ಕ್ಯಾನ್ ಮಾಡಿದಾಗ, ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದೊಳಗಿನ ಒಂದು ಪ್ರದೇಶ ಕುಗ್ಗಿತ್ತು. ನರಕೋಶಗಳ ಬೆಳವಣಿಗೆಗೆ ಬೇಕಾದ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಕೂಡ ರಕ್ತದಲ್ಲಿ ಇಳಿದಿತ್ತು. ಇವರು ವಯಸ್ಸಾದವರಲ್ಲ, ಗಟ್ಟಿಮುಟ್ಟಾದವರು. ಒಂಬತ್ತೇ ಜನ, ಜೊತೆಗೆ ಕತ್ತಲು ಮತ್ತು ಏಕತಾನತೆಯ ಪ್ರಭಾವವೂ ಸೇರಿದೆ, ಹಾಗಾಗಿ ಇದರಿಂದ ಜಾಸ್ತಿ ತೀರ್ಮಾನಿಸಬಾರದು. ಆದರೂ ಗಮನಿಸಬೇಕಾದ ವಿಷಯವೇ.

ದೇಹದ ಕಡೆಯಿಂದಲೂ ಹಾನಿ ಆಗುತ್ತದೆ. ಒಂಟಿತನ ಅನ್ನುವುದು ಹಸಿವು, ಬಾಯಾರಿಕೆಯ ಹಾಗೆ ದೇಹ ಕೊಡುವ ಎಚ್ಚರಿಕೆ ಎಂದು ಶಿಕಾಗೋ ವಿಶ್ವವಿದ್ಯಾಲಯದ ಜಾನ್ ಕಾಸಿಯೊಪ್ಪೊ ವಾದಿಸುತ್ತಿದ್ದರು. ಆ ಎಚ್ಚರಿಕೆ ವರ್ಷಗಟ್ಟಲೆ ನಿಲ್ಲದಿದ್ದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುಪೇರಾಗಬಹುದು, ನಿದ್ದೆ ಕೆಡಬಹುದು, ಬಿಪಿ ಏರಬಹುದು. ಜೊತೆಗೆ ಯಾರೂ ಇಲ್ಲದವರು ನಡೆದಾಡುವುದು ಕಡಿಮೆ, ಹೊತ್ತಿಗೆ ಸರಿಯಾಗಿ ಉಣ್ಣುವುದು ಕಡಿಮೆ, ಮಾತ್ರೆ ತಪ್ಪಿಸುವುದು ಹೆಚ್ಚು. ಹೃದಯಕ್ಕೆ, ರಕ್ತನಾಳಕ್ಕೆ ಕೆಟ್ಟದ್ದು ಮಿದುಳಿಗೂ ಕೆಟ್ಟದ್ದೇ.

ಯಾವುದು ಮೊದಲು?

ಈ ಪ್ರಶ್ನೆಯನ್ನು ಬಹಳಷ್ಟು ಸುದ್ದಿಗಳು ಕೇಳುವುದೇ ಇಲ್ಲ. ಒಡನಾಟ ಕಡಿಮೆಯಾದ್ದರಿಂದ ಮಿದುಳು ಸೊರಗಿತೋ, ಮಿದುಳು ಸೊರಗುತ್ತಿದ್ದರಿಂದ ಒಡನಾಟ ಕಡಿಮೆಯಾಯಿತೋ?

ಅಲ್ಝೈಮರ್‌ನ ಬದಲಾವಣೆಗಳು ಮರೆವು ಕಾಣಿಸಿಕೊಳ್ಳುವ 15–20 ವರ್ಷ ಮೊದಲೇ ಮಿದುಳಿನಲ್ಲಿ ಶುರುವಾಗಿರಬಹುದು. ಆಸಕ್ತಿ ಕಳೆದುಕೊಳ್ಳುವುದು, ಜನರಿಂದ ಹಿಂದೆ ಸರಿಯುವುದು ಅದರ ಮೊದಲ ಲಕ್ಷಣಗಳಲ್ಲಿ ಸೇರಿವೆ. ತಪ್ಪದೇ ಭಜನೆಗೋ ಇಸ್ಪೀಟಿಗೋ ಹೋಗುತ್ತಿದ್ದವರು ‘ಯಾಕೋ ಬೇಡ’ ಅನ್ನಲು ಶುರು ಮಾಡುತ್ತಾರೆ. ಅಲ್ಲಿ ಹೆಸರುಗಳು ತಪ್ಪಿ ಮುಜುಗರವಾಗಿರಬಹುದು, ಆಟದ ಲೆಕ್ಕ ತಪ್ಪಿರಬಹುದು. ಅದನ್ನು ಯಾರಿಗೂ ಹೇಳುವುದಿಲ್ಲ. ಮನೆಯವರು ವಯಸ್ಸಾಯ್ತು, ಸುಸ್ತು ಅಂದುಕೊಳ್ಳುತ್ತಾರೆ.

ಇದನ್ನು ಬಿಡಿಸಲು ಜನರನ್ನು ನಡುವಯಸ್ಸಿನಿಂದಲೇ ಗಮನಿಸುತ್ತಾ ಬರಬೇಕು. ಬ್ರಿಟನ್ನಿನ ವೈಟ್‌ಹಾಲ್ 2 ಅಧ್ಯಯನ ಹಾಗೆ ಮಾಡಿತು. 1985ರಲ್ಲಿ ಶುರುವಾಗಿ, ಲಂಡನ್ನಿನ 10,308 ಸರ್ಕಾರಿ ನೌಕರರನ್ನು ದಶಕಗಟ್ಟಲೆ ಗಮನಿಸಿತು. 60ರ ವಯಸ್ಸಿನಲ್ಲಿ ಸ್ನೇಹಿತರನ್ನು ಹೆಚ್ಚುಕಡಿಮೆ ದಿನಾ ಭೇಟಿಯಾಗುತ್ತಿದ್ದವರಿಗೆ, ಕೆಲವು ತಿಂಗಳಿಗೊಮ್ಮೆ ಭೇಟಿಯಾಗುತ್ತಿದ್ದವರಿಗಿಂತ ಮುಂದೆ ಡಿಮೆನ್ಷಿಯಾ ಬರುವ ಸಾಧ್ಯತೆ 12 ಶೇಕಡಾ ಕಡಿಮೆ ಇತ್ತು. ನೆಂಟರ ಭೇಟಿಯಲ್ಲಿ ಇಷ್ಟು ಸ್ಪಷ್ಟ ನಂಟು ಕಾಣಲಿಲ್ಲ. ಸ್ನೇಹಿತರನ್ನು ನಾವೇ ಆರಿಸಿಕೊಳ್ಳುತ್ತೇವೆ, ಸ್ನೇಹ ಉಳಿಸಿಕೊಳ್ಳಲು ಮೈ ಮನಸ್ಸು ಎರಡೂ ಓಡಬೇಕು, ಅದಕ್ಕೇ ಇರಬಹುದೇನೋ. ಇದು ನನ್ನ ಅನಿಸಿಕೆ ಅಷ್ಟೇ.

ಸದ್ಯಕ್ಕೆ ತಜ್ಞರ ಒಲವು ‘ಎರಡೂ ನಿಜ’ ಅನ್ನುವ ಕಡೆಗಿದೆ. ಒಡನಾಟ ಕುಗ್ಗಿದರೆ ಮಿದುಳಿಗೆ ಪೆಟ್ಟು, ಮಿದುಳು ಕುಗ್ಗಿದರೆ ಒಡನಾಟಕ್ಕೆ ಪೆಟ್ಟು. ಹಾಗಾಗಿ ಯಾರಾದರೂ ಹಿರಿಯರು ಇದ್ದಕ್ಕಿದ್ದಂತೆ ಮೂಲೆ ಸೇರಿದರೆ, ‘ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ’ ಎಂದು ಬುದ್ಧಿ ಹೇಳುವ ಮೊದಲು, ಯಾಕೆ ಬಿಟ್ಟರು ಅಂತ ಕೇಳುವುದು ಒಳ್ಳೆಯದು.

ಕಿವಿ ಕೇಳಿಸದಿದ್ದರೆ

ಯಾಕೆ ಬಿಟ್ಟರು ಅನ್ನುವುದಕ್ಕೆ ಅನೇಕ ಸಲ ಉತ್ತರ ಕಿವಿಯಲ್ಲಿರುತ್ತದೆ. ವಯಸ್ಸಾದಾಗ ಮೊದಲು ಕೈಕೊಡುವುದು ತೀಕ್ಷ್ಣ ಸ್ವರದ ಶಬ್ದಗಳು. ಸ, ಶ, ತ, ಕ ಇಂಥವು ಮಸುಕಾಗುತ್ತವೆ, ಆ, ಓ ಇವು ಚೆನ್ನಾಗೇ ಕೇಳುತ್ತವೆ. ಅದಕ್ಕೇ ಹಿರಿಯರು ‘ನನಗೆ ಕೇಳಿಸುತ್ತೆ, ನೀವೇ ಸರಿಯಾಗಿ ಮಾತಾಡಲ್ಲ’ ಅನ್ನುವುದು. ಸುಳ್ಳಲ್ಲ, ದನಿ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಮಾತಾಡುವಾಗ ಅವರನ್ನು ಗಮನಿಸಿ. ಎಲ್ಲರೂ ನಕ್ಕ ಮೇಲೆ ಒಂದು ಕ್ಷಣ ತಡವಾಗಿ ನಗುತ್ತಾರೆ. ಕೇಳಿದ್ದಕ್ಕೆ ‘ಹ್ಞೂಂ, ಹ್ಞೂಂ’ ಅನ್ನುತ್ತಾರೆ. ಆಮೇಲೆ ಮೆಲ್ಲಗೆ ಎದ್ದು ಕೋಣೆಗೆ ಹೋಗುತ್ತಾರೆ. ಕೇಳಿಸಿಕೊಳ್ಳಲು ಪಡುವ ಪ್ರಯಾಸವೇ ಅವರನ್ನು ದಣಿಸಿರುತ್ತದೆ.

ಲ್ಯಾನ್ಸೆಟ್ ಪಟ್ಟಿಯಲ್ಲಿ ಕಿವುಡುತನದ ಪಾಲು 7 ಶೇಕಡಾ. ಒಡನಾಟದ ಕೊರತೆಗಿಂತ ಹೆಚ್ಚು. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ನಡೆದ ಅಚೀವ್ ಎಂಬ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಹಿಯರಿಂಗ್ ಏಡ್ ಕೊಟ್ಟು ಮೂರು ವರ್ಷ ಗಮನಿಸಿದರು. 2023ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಎಲ್ಲರನ್ನೂ ಒಟ್ಟಾಗಿ ನೋಡಿದಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಶಕ್ತಿ ಕುಸಿಯುವ ವೇಗ 48 ಶೇಕಡಾ ತಗ್ಗಿತ್ತು. ಪವಾಡವಲ್ಲ, ಆದರೆ ಕಿವಿ ಪರೀಕ್ಷೆ ಮಾಡಿಸಲು ಸಾಕಷ್ಟು ಕಾರಣ.

ಕಣ್ಣಿನ ವಿಷಯವೂ ಹಾಗೇ. ಪೊರೆ ಬಂದು ಎದುರಿಗಿದ್ದವರ ಮುಖ ಗುರುತು ಸಿಗದಿದ್ದರೆ ಯಾರನ್ನು ಮಾತಾಡಿಸುವುದು?

ಮಾತಾಡಿಸಿದರೆ ಉಪಯೋಗ ಇದೆಯಾ?

ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಐ-ಕನೆಕ್ಟ್ ಎಂಬ ಪ್ರಯೋಗಕ್ಕೆ ಒಡನಾಟ ಕಡಿಮೆ ಇದ್ದ, 75 ದಾಟಿದ 186 ಜನರನ್ನು ಆರಿಸಿಕೊಂಡರು. ಒಂದು ಗುಂಪಿಗೆ ಮೊದಲ ಆರು ತಿಂಗಳು ವಾರಕ್ಕೆ ನಾಲ್ಕು ಸಲ, ಆಮೇಲಿನ ಆರು ತಿಂಗಳು ವಾರಕ್ಕೆ ಎರಡು ಸಲ, ತರಬೇತಿ ಪಡೆದವರ ಜೊತೆ ಅರ್ಧ ಗಂಟೆ ವಿಡಿಯೊ ಮಾತುಕತೆ. ಎರಡೂ ಗುಂಪಿನವರಿಗೆ ವಾರಕ್ಕೊಮ್ಮೆ ಹತ್ತು ನಿಮಿಷದ ಕುಶಲ ವಿಚಾರಿಸುವ ಫೋನ್. ಆರು ತಿಂಗಳ ನಂತರ, ಅದರಲ್ಲೂ ಎಂಸಿಐ ಇದ್ದವರಲ್ಲಿ, ವಿಡಿಯೊ ಮಾತುಕತೆ ಮಾಡಿದವರಿಗೆ ನೆನಪು, ಯೋಚನೆಯ ಪರೀಕ್ಷೆಯಲ್ಲಿ ಬಂದ ಅಂಕಗಳು ಹೆಚ್ಚಿದ್ದವು. ಇದರಿಂದ ಡಿಮೆನ್ಷಿಯಾ ತಪ್ಪಿತು ಅನ್ನಲಾಗದು. ಪ್ರಯೋಗ ಚಿಕ್ಕದು, ಕಾಲವೂ ಚಿಕ್ಕದು.

ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಮಾತುಕತೆಯ ಬಗೆ. ‘ಊಟ ಆಯ್ತಾ? ಮಾತ್ರೆ ತಗೊಂಡ್ರಾ? ಸರಿ, ಇಡ್ಲಾ?’ ಇದು ಕುಶಲ ವಿಚಾರಣೆ. ಬೇಕು, ಆದರೆ ಇದಕ್ಕೆಲ್ಲ ‘ಹ್ಞಾಂ’ ಅಂದರೆ ಸಾಕು, ಮಿದುಳು ಏಳಬೇಕಾಗಿಯೇ ಇಲ್ಲ. ‘ನೀವು ಮೊದಲು ಕೆಲಸಕ್ಕೆ ಸೇರಿದ ದಿನ ಏನಾಯ್ತು?’ ಎಂದೋ, ಹಳೆಯ ಫೋಟೊ ಕಳಿಸಿ ‘ಇದರಲ್ಲಿ ಹಿಂದೆ ನಿಂತಿರೋರು ಯಾರು?’ ಎಂದೋ ಕೇಳಿದರೆ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ಅವರಿಂದ ಸಲಹೆ ಕೇಳುವುದು ಇನ್ನೂ ಒಳ್ಳೆಯದು. ನೆನಪಿನ ಪರೀಕ್ಷೆಯ ಧಾಟಿಯಲ್ಲಿ ಮಾತ್ರ ಕೇಳಬಾರದು. ‘ನಿನ್ನೆ ಏನು ತಿಂದ್ರಿ, ಹೇಳಿ ನೋಡೋಣ’ ಅಂದರೆ ಅವಮಾನವಾಗುತ್ತದೆ, ಮುಂದಿನ ಸಲ ಫೋನ್ ಎತ್ತುವುದೇ ಇಲ್ಲ.

ಅಪ್ಪ ಅಮ್ಮನನ್ನು ತಮ್ಮ ಮನೆಗೆ ಕರೆದುಕೊಂಡು ಬಂದರೆ ಎಲ್ಲ ಸರಿಹೋಯಿತು ಅಂದುಕೊಳ್ಳುವವರೂ ಇದ್ದಾರೆ. ಕೆಲವರಿಗೆ ಅದು ಬೇಕೇ ಬೇಕು. ಆದರೆ ಹಾಗೆ ಬಂದವರು ನಲವತ್ತು ವರ್ಷದ ನೆರೆಹೊರೆಯನ್ನು, ಹೆಸರು ಹಿಡಿದು ಕರೆಯುವ ಗೆಳೆಯರನ್ನು ಬಿಟ್ಟು ಬಂದಿರುತ್ತಾರೆ. ಹಗಲಿಡೀ ಯಾರೂ ಇಲ್ಲದ ಮನೆಯಲ್ಲಿ ಅವರಿಗೆ ಸಿಗುವ ಒಡನಾಟ ಮೊದಲಿಗಿಂತ ಕಡಿಮೆಯೇ ಆಗಬಹುದು. ಹೊಸ ಜಾಗದಲ್ಲಿ ವಾರಕ್ಕೆ ಒಂದೆರಡು ಕಡೆಯಾದರೂ ಅವರಿಗಾಗಿ ಕಾಯುವವರು ಇರಬೇಕು. ಗುಂಪಿನಲ್ಲಿ ಹಾಡುವುದು, ಮಕ್ಕಳಿಗೆ ಪಾಠ ಹೇಳಿಕೊಡುವುದು, ಜೊತೆಯಾಗಿ ನಡೆಯುವುದು, ಯಾವುದಾದರೂ ಸರಿ.

ಡಾಕ್ಟರ ಹತ್ತಿರ ಯಾವಾಗ?

ಕೇಳಿದ್ದನ್ನೇ ಪದೇ ಪದೇ ಕೇಳುವುದು, ಹಣದ ಲೆಕ್ಕದಲ್ಲಿ ಹೊಸದಾಗಿ ಎಡವುವುದು, ಗೊತ್ತಿರುವ ದಾರಿಯಲ್ಲಿ ಗೊಂದಲ, ಮಾತಿನ ನಡುವೆ ಸರಳ ಪದಗಳಿಗೆ ತಡಕಾಡುವುದು, ಸ್ವಭಾವವೇ ಬದಲಾಗುವುದು. ಇವು ಕೆಲವು ತಿಂಗಳಿಂದ ಹೆಚ್ಚುತ್ತಿದ್ದರೆ ತೋರಿಸಿ. ಮರೆವಿಗೆ ಸರಿಪಡಿಸಬಹುದಾದ ಕಾರಣಗಳೂ ಇರುತ್ತವೆ. ಬಿ12 ಕೊರತೆ, ಥೈರಾಯ್ಡ್ ಸಮಸ್ಯೆ, ಖಿನ್ನತೆ, ನಿದ್ದೆ ಮಾತ್ರೆಯೂ ಸೇರಿ ಕೆಲವು ಔಷಧಿಗಳು. ಹೋಗುವಾಗ ತಿನ್ನುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿ ಶುರುವಾದರೆ ಅದು ಬೇರೆಯೇ ವಿಷಯ. ಸೋಂಕು, ಔಷಧದ ಅಡ್ಡಪರಿಣಾಮ, ಪಾರ್ಶ್ವವಾಯು ಏನಾದರೂ ಇರಬಹುದು. ಕಾಯದೆ ಆಸ್ಪತ್ರೆಗೆ ಹೋಗಬೇಕು.

ಡಾಕ್ಟರು ರೋಗಿಯನ್ನು ಮಾತ್ರವಲ್ಲ, ಜೊತೆಗೆ ಬಂದವರನ್ನೂ ಪ್ರಶ್ನೆ ಕೇಳುತ್ತಾರೆ. ಯಾವಾಗಿಂದ? ಮೊದಲು ಏನು ಮಾಡುತ್ತಿದ್ದರು, ಈಗ ಏನು ಬಿಟ್ಟಿದ್ದಾರೆ? ತನ್ನಲ್ಲಾದ ಬದಲಾವಣೆ ರೋಗಿಗೇ ಗೊತ್ತಾಗದಿರಬಹುದು ಅನ್ನುವುದು ಇದಕ್ಕೆ ಕಾರಣ. ಹೇಳುವವರೇ ಇಲ್ಲದವರ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬಂದುಹೋಗುವ ಮಗನಿಗಿಂತ, ದಿನಾ ನೋಡುವ ಪಕ್ಕದ ಮನೆಯವರೋ ಮನೆಗೆಲಸಕ್ಕೆ ಬರುವವರೋ ಹೆಚ್ಚು ಹೇಳಬಲ್ಲರು. ಹೊರಡುವ ಮೊದಲು ಅವರನ್ನು ಒಂದು ಮಾತು ಕೇಳಿ, ಹೇಳಿದ್ದನ್ನು ಬರೆದುಕೊಂಡು ಹೋಗಿ.